ಮೂಲೆಯ ಪೀಪಾಯಿ

ಆ ವೈನ್ ಕಾರ್ಖಾನೆಯಲ್ಲಿ ಅವಳು ಎಲ್ಲರಿಗೂ ಚಿಕ್ಕಮ್ಮ. ಅವಳಿಗಿಂತ ಎಷ್ಟೋ ದೊಡ್ಡವನಾದ ಲಾರಿ ಡ್ರೈವರೂ ಚಿಕ್ಕಮ್ಮ ಅನ್ನುತ್ತಿದ್ದ, ಗೇಟಿನ ಕಾವಲುಗಾರನೂ ಅನ್ನುತ್ತಿದ್ದ, ಕೊನೆಗೆ ಯಜಮಾನಿಯ ಬಾಯಲ್ಲೂ ಅದೇ. ನ್ಯಾಯವಾಗಿ ನೋಡಿದರೆ ಅವಳು ಚಿಕ್ಕಮ್ಮ ಆಗಬೇಕಾದದ್ದು ಒಬ್ಬಳಿಗೆ ಮಾತ್ರ, ತೀರಿಹೋದ ಅಕ್ಕನ ಮಗಳಿಗೆ. ಆ ಮಗು ಕಾರ್ಖಾನೆಯ ಅಂಗಳದಲ್ಲಿ ಅವಳ ಬೆನ್ನ ಹಿಂದೆಯೇ ಓಡಾಡುತ್ತ, 'ಚಿಕ್ಕಮ್ಮಾ, ಚಿಕ್ಕಮ್ಮಾ' ಅಂತ ಕಿರುಚಿ ಕಿರುಚಿ ಎಲ್ಲರಿಗೂ ಅದನ್ನೇ ಕಲಿಸಿಬಿಟ್ಟಿತು. ಸ್ವಂತ ಹೆಸರು ಅಂತ ಒಂದಿತ್ತು, ಸಂಬಳದ ದಿನ ಮಾತ್ರ ಅದನ್ನು ಯಾರಾದರೂ ಕೂಗುತ್ತಿದ್ದರು. ಆಗಲೂ ಅವಳು ಒಂದು ಕ್ಷಣ ತಡೆದೇ ಓಗೊಡುತ್ತಿದ್ದಳು.

ಅದಕ್ಕೂ ಮೊದಲು ಅವಳು ಬೇರೆ ಊರಿನಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಗೆಳತಿಯ ಜೊತೆ ಸೇರಿ ಹಿಡಿದ ಅರ್ಧ ಅಂಗಡಿ, ಕಿಟಕಿಯ ಪಕ್ಕ ತನ್ನದೇ ಒಂದು ಮೆಷಿನ್ನು. ಅಕ್ಕ ಹೋದಳೆಂದು ಸುದ್ದಿ ಬಂದ ದಿನ ಮೆಷಿನ್ನಿಗೆ ಬಟ್ಟೆ ಮುಚ್ಚಿ, "ನಾಲ್ಕು ದಿನ ಇದ್ದು ಬರ್ತೀನಿ ಕಣೇ" ಅಂತ ಗೆಳತಿಗೆ ಹೇಳಿ ಬಸ್ಸು ಹತ್ತಿದಳು. ಇಲ್ಲಿ ನೋಡಿದರೆ ಅಂಬೆಗಾಲಿಡುವ ಕೂಸು, ದಿಕ್ಕು ತೋಚದೆ ಗೋಡೆ ನೋಡುತ್ತ ಕೂತ ಭಾವ. ಆ ಕೂಸು ಈಗ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತ, ದೊಡ್ಡವರಿಗೆಲ್ಲ ಎದುರು ಮಾತಾಡುವಷ್ಟು ಬೆಳೆದು ನಿಂತಿದೆ. ಚಿಕ್ಕಮ್ಮನ ನಾಲ್ಕು ದಿನ ಮಾತ್ರ ಇನ್ನೂ ಮುಗಿದಿಲ್ಲ.

ಊರಿನ ಬಾಯಿ ಸುಮ್ಮನಿರುತ್ತದೆಯೇ? ಒಂದಷ್ಟು ಕಾಲ ಅದು ಭಾವನಿಗೂ ಅವಳಿಗೂ ಮದುವೆ ಮಾಡಿಸಿತು, ಆಮೇಲೆ ತನಗೇ ಬೇಸರ ಬಂದು ಬಿಡಿಸಿತು. ಅವರಿಬ್ಬರ ನಡುವೆ ಅಂಥದ್ದೇನೂ ಇರಲಿಲ್ಲ. ಭಾವ ಒಳ್ಳೆಯವರೇ. ಕುಡಿದು ಬಂದು ಕೂಗಾಡಿದವರಲ್ಲ, ಒಂದು ದಿನ ಕೈ ಎತ್ತಿದವರಲ್ಲ. ತಟ್ಟೆ ಮುಂದೆ ಬಂದರೆ ಉಣ್ಣುವರು, ಒಗೆದ ಅಂಗಿ ಕೈಗೆ ಬಂದರೆ ತೊಡುವರು. ಅವು ಎಲ್ಲಿಂದ ಬರುತ್ತವೆ ಅನ್ನುವುದು ಅವರಿಗೆ ಮಳೆ ಎಲ್ಲಿಂದ ಬರುತ್ತದೆ ಅನ್ನುವಷ್ಟೇ ದೂರದ ವಿಚಾರವಾಗಿತ್ತು.

ಭಾವ ಆ ಕಾರ್ಖಾನೆಯ ನೆಲಮಾಳಿಗೆಯ ಉಸ್ತುವಾರಿ. ಪೀಪಾಯಿಗಳೆಲ್ಲ ಅವರ ಕೈಯಲ್ಲಿ, ಬೀಗದ ಕೈ ಅವರ ಜೇಬಿನಲ್ಲಿ. ಮಗು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅವರೇ ಹೇಳಿ ಚಿಕ್ಕಮ್ಮನನ್ನು ಅಲ್ಲಿ ಬದಲಿ ಕೆಲಸಕ್ಕೆ ಸೇರಿಸಿದರು. ಬದಲಿ ಅಂದರೆ ಯಾರು ಬರಲಿಲ್ಲವೋ ಅವರ ಜಾಗಕ್ಕೆ ಇವಳು. ಬಾಟಲಿ ತೊಳೆಯುವವಳಿಗೆ ಜ್ವರ ಬಂದರೆ ಬಾಟಲಿ, ಚೀಟಿ ಅಂಟಿಸುವವಳಿಗೆ ಹೆರಿಗೆಯಾದರೆ ಚೀಟಿ, ಕೊಯ್ಲಿನ ಕಾಲಕ್ಕೆ ತೋಟ. "ಚಿಕ್ಕಮ್ಮನನ್ನ ಕರೀರಿ" ಅಂದರೆ ಮುಗಿಯಿತು, ಕೆಲಸ ನಿಂತ ಕಡೆ ಅವಳು ಹಾಜರು.

ಶೆನಿನ್ ಬ್ಲಾಂಕ್ ಅನ್ನುವ ದ್ರಾಕ್ಷಿಯ ಮುಖ ಅವಳು ಮೊದಲು ನೋಡಿದ್ದು ಹಾಗೆ ಬದಲಿಯಾಗಿ ಹೋದ ಒಂದು ಕೊಯ್ಲಿನಲ್ಲಿ. ತಿಳಿ ಹಸಿರು ಬಣ್ಣದ, ಒತ್ತೊತ್ತಾಗಿ ಕೂತ ಗೊಂಚಲು. ಕೆಲಸದವರ ಬಾಯಲ್ಲಿ ಬರೀ ಶೆನಿನ್. ಅದರ ಸ್ವಭಾವ ಕಂಡರೆ ಕೊಯ್ಯುವವರಿಗೆ ಮೈಯೆಲ್ಲ ಉರಿ. ಬೇರೆ ಜಾತಿಯ ಬಳ್ಳಿಗಳು ಒಂದು ಸಲ ಹಣ್ಣಾದರೆ ಒಂದೇ ಸಲಕ್ಕೆ ಕೊಯ್ದು ಕೈ ತೊಳೆದುಕೊಳ್ಳಬಹುದು. ಇದು ಹಾಗಲ್ಲ. ಒಂದೇ ಬಳ್ಳಿಯಲ್ಲಿ ಒಂದು ಗೊಂಚಲು ಹಣ್ಣು, ಪಕ್ಕದ್ದು ಕಾಯಿ, ಕೆಳಗಿನದು ಎರಡೂ ಅಲ್ಲ. ಅದೇ ಸಾಲಿಗೆ ಮತ್ತೆ ಮತ್ತೆ ಹೋಗಬೇಕು. ಮೊದಲ ಸುತ್ತಿನಲ್ಲಿ ಕೊಯ್ದ ಹುಳಿ ಕಾಯಿಯಂಥದ್ದು ಗುಳ್ಳೆ ಏಳುವ ವೈನಿಗೆ, ನಡುವಿನದು ಊಟದ ಜೊತೆ ಕುಡಿಯುವ ಸಿಹಿಯಿಲ್ಲದ ವೈನಿಗೆ, ಕೊನೆಗೆ ಬಳ್ಳಿಯಲ್ಲೇ ಸುಕ್ಕುಗಟ್ಟಿ ಉಳಿದದ್ದು ಜೇನಿನಂಥ ಸಿಹಿ ವೈನಿಗೆ.

ಮೊದಲ ಸುತ್ತಿನ ದಿನ ಅವಳು ಒಂದು ಹಣ್ಣು ಬಾಯಿಗೆ ಹಾಕಿಕೊಂಡಿದ್ದಳು. ಅಬ್ಬಾ! ಕಿವಿಯ ಕೆಳಗೆ, ದವಡೆಯ ಕೀಲಿನಲ್ಲಿ, ಯಾರೋ ಚಿವುಟಿದ ಹಾಗಾಗಿ ಬಾಯಿ ತುಂಬ ನೀರು ಬಂತು. "ಇದನ್ನೂ ಮನುಷ್ಯರು ಕುಡೀತಾರಾ?" ಅಂತ ಉಗಿದು, ಕತ್ತರಿ ಹಿಡಿದು ಮುಂದಿನ ಬಳ್ಳಿಗೆ ಹೋದಳು.

ಹೆಸರು ಬಾಟಲಿಯ ಮೇಲೆ ಬರುತ್ತಿದ್ದದ್ದು ಬೇರೆ ದ್ರಾಕ್ಷಿಗಳದು. ಸೊವಿನ್ಯೋನ್‌ಗೆ ಕೊಯ್ದ ಹುಲ್ಲಿನ ವಾಸನೆ, ಕಣ್ಣು ಮುಚ್ಚಿ ಹೇಳಬಹುದು. ಮಸ್ಕಟ್ ಅಂತೂ ಹೂವಿನ ಅಂಗಡಿಯ ಬಾಗಿಲು ತೆಗೆದಂತೆ. ಶೆನಿನ್ ಎಲ್ಲದರೊಳಗೂ ಇರುತ್ತಿತ್ತು, ಎಲ್ಲೂ ಕಾಣುತ್ತಿರಲಿಲ್ಲ. ಸೊವಿನ್ಯೋನ್ ಕಡಿಮೆ ಬಿದ್ದರೆ ಅದಕ್ಕಿಷ್ಟು ಬೆರೆಸು, ಮಸ್ಕಟ್ ಸಪ್ಪೆಯಾದರೆ ಅದಕ್ಕಿಷ್ಟು ಹುಳಿ ಕೊಡು. ಅದಕ್ಕೂ ಮಿಕ್ಕಿದ್ದು ನೆಲಮಾಳಿಗೆಯ ಮೂಲೆಯ ಪೀಪಾಯಿಗೆ.

ಈ ಮೂಲೆಯ ಪೀಪಾಯಿಯ ವಿಚಾರ ಸ್ವಲ್ಪ ಹೇಳಲೇಬೇಕು. ಮರದ ಪೀಪಾಯಿಯಲ್ಲಿಟ್ಟ ವೈನು ಮರದ ಸಂದಿನಿಂದ ದಿನಾ ಒಂದಿಷ್ಟು ಆರಿಹೋಗುತ್ತದೆ. ಹಾಗೆ ಮೇಲೆ ಖಾಲಿ ಜಾಗ ಬಿಟ್ಟರೆ ಗಾಳಿ ಸೇರಿ ವೈನು ಕೆಡುತ್ತದೆ. ಅದಕ್ಕೇ ಪ್ರತಿ ಸೋಮವಾರ ಒಬ್ಬರು ಉದ್ದ ಮೂತಿಯ ಕ್ಯಾನು ಹಿಡಿದು, ಒಂದೊಂದೇ ಬಿರಡೆ ಬಿಚ್ಚಿ, ಬಾಯಿಮಟ್ಟ ತುಂಬಿಸುತ್ತ ಹೋಗಬೇಕು. ಬಿಳಿ ವೈನುಗಳನ್ನೆಲ್ಲ ತುಂಬಿಸಲು ತೆಗೆಯುತ್ತಿದ್ದದ್ದು ಮೂಲೆಯ ಪೀಪಾಯಿಯಿಂದ. ಶೆನಿನ್ ಯಾವುದಕ್ಕೆ ಸೇರಿದರೂ ಜಗಳವಾಡುವುದಿಲ್ಲ, ಅದಕ್ಕೆ. ಉಳಿದ ಪೀಪಾಯಿಗಳಿಗೆಲ್ಲ ಸಂಖ್ಯೆ ಇತ್ತು, ಇದಕ್ಕೆ ಅದೂ ಇರಲಿಲ್ಲ. ಸೋಮವಾರದ ಕೆಲಸ ಯಾರಿಗೂ ಬೇಡದ ಕೆಲಸವಾದ್ದರಿಂದ ಅದೂ ಚಿಕ್ಕಮ್ಮನ ಪಾಲಿಗೇ ಬಂದಿತ್ತು.

ಒಂದು ಚಳಿಗಾಲದಲ್ಲಿ ಭಾವನ ಮಂಡಿ ಕೈಕೊಟ್ಟಿತು. ನೆಲಮಾಳಿಗೆಯ ಮೆಟ್ಟಿಲು ಇಳಿದರೆ ಹತ್ತಲಾಗದು, ಹತ್ತಿದರೆ ಇಳಿಯಲಾಗದು. ಅವರು ಮೇಲಿನ ಆಫೀಸಿನಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬರುವ ಕೊಯ್ಲಿಗೆ ಮೊದಲೇ ಕೆಲಸ ಬಿಡುತ್ತೇನೆಂದು ಯಜಮಾನಿಗೆ ಹೇಳಿದರು. ಬೀಗದ ಕೈ ಯಾರಿಗೆ ಅನ್ನುವ ಮಾತು ಎದ್ದದ್ದು ಆಗ.

ಚಿಕ್ಕಮ್ಮ ಬದುಕಿನಲ್ಲಿ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಅವತ್ತು ಏನಾಯಿತೋ, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅಲ್ಲೇ ಇಟ್ಟು ಸೀದಾ ಯಜಮಾನಿಯ ಕೋಣೆಗೆ ಹೋಗಿ, "ಅಮ್ಮಾವ್ರೇ, ಆ ಕೆಲಸ ನನಗೆ ಬೇಕು" ಅಂದಳು. ಅಂದ ಮೇಲೆ ಅವಳಿಗೇ ಗಾಬರಿಯಾಯಿತು.

ಯಜಮಾನಿ ಬಿಳಿಗೂದಲಿನ, ಸಣ್ಣ ಆಳಿನ, ದೊಡ್ಡ ದನಿಯ ಹೆಂಗಸು. ಕನ್ನಡಕ ಮೇಲೆತ್ತಿ ನೋಡಿದರು. "ಪೀಪಾಯಿ ತೊಳೆಯೋದು, ತುಂಬಿಸೋದು ನಿನಗೆ ಹೇಳಿಕೊಡಬೇಕಾಗಿಲ್ಲ. ಆದರೆ ಉಸ್ತುವಾರಿ ಅಂದ್ರೆ ಬರೀ ಅಷ್ಟಲ್ಲ ಚಿಕ್ಕಮ್ಮ. ರಸ ಬಂದ ದಿನವೇ ರುಚಿ ನೋಡಿ, ಇದು ಯಾವುದಕ್ಕೆ ಅಂತ ಹೇಳಬೇಕು. ಶೆನಿನ್ ಇದೆಯಲ್ಲ, ಅದರ ಮೇಲೆ ಈ ಕಾರ್ಖಾನೆ ನಿಂತಿದೆ. ಅದು ಯಾವ ವೇಷದಲ್ಲಿ ಬಂದರೂ ಗುರುತು ಹಿಡೀಬೇಕು. ಹಿಡೀತೀಯಾ?"

"ಕಲೀತೀನಿ."

"ಕೊಯ್ಲಿಗೆ ಮುಂಚೆ ಒಂದು ದಿನ ಲೋಟ ಇಡ್ತೀನಿ. ಹೇಳಿದರೆ ಬೀಗದ ಕೈ ನಿನ್ನದು. ಇಲ್ಲ ಅಂದ್ರೆ ಹೊರಗಿನಿಂದ ಒಬ್ಬರನ್ನ ಕರೆಸ್ತೀನಿ, ಆಮೇಲೆ ಮುಖ ಊದಿಸ್ಕೋಬಾರದು."

ಅಲ್ಲಿಂದ ಶುರುವಾಯಿತು ನೋಡಿ ಚಿಕ್ಕಮ್ಮನ ಓದು. ಬಾಟಲಿ ತಳದಲ್ಲಿ ಉಳಿದ ಒಂದೊಂದು ಗುಟುಕನ್ನು ಔಷಧಿಯ ಸಣ್ಣ ಸೀಸೆಗಳಲ್ಲಿ ತುಂಬಿಸಿ ತಂದು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಳು. ಸೀಸೆ ಒದಗಿಸಿದವಳು ಅಕ್ಕನ ಮಗಳೇ. ಸಂಜೆ ಅವಳು ಕೆಲಸದಿಂದ ಬಂದು ಒಂದು ಲೋಟಕ್ಕೆ ಸುರಿದು ಕೊಡುವಳು, ಚಿಕ್ಕಮ್ಮ ಕಣ್ಣು ಮುಚ್ಚಿ ಮೂಸುವಳು, ಬಾಯಲ್ಲಿ ಹೊರಳಿಸಿ ಪಾತ್ರೆ ತೊಳೆಯುವ ತೊಟ್ಟಿಗೆ ಉಗುಳುವಳು.

"ಇದು... ಹಸಿರು ಸೇಬು. ಇದು ಶೆನಿನ್."

"ಸರಿ. ಇದು?"

"ಇದು ಜೇನು, ಒಣಗಿದ ಹಣ್ಣು. ಇದು ಮಸ್ಕಟ್."

"ಅದೂ ಶೆನಿನ್ನೇ, ಚಿಕ್ಕಮ್ಮ."

"ಸುಳ್ಳು ಹೇಳ್ಬೇಡ."

"ಸೀಸೆ ಮೇಲೆ ನೀನೇ ಬರೆದಿದ್ದೀಯ, ನಾನೇನು ಮಾಡಲಿ?"

ಗುಳ್ಳೆಯದನ್ನು ಕೊಟ್ಟರೆ ಬ್ರೆಡ್ಡಿನ ವಾಸನೆ ಅನ್ನುವಳು, ಮರದ ಪೀಪಾಯಿಯದನ್ನು ಕೊಟ್ಟರೆ ಬೆಣ್ಣೆ ಅನ್ನುವಳು. ಒಂದು ಬಿಸಿಲ ವರ್ಷದ್ದು ಬೇಯಿಸಿದ ಪೇರು ಹಣ್ಣಿನ ಹಾಗೆ, ಒಂದು ಮಳೆ ವರ್ಷದ್ದು ನೆನೆದ ಉಣ್ಣೆಯ ಹಾಗೆ. ಪ್ರತಿಯೊಂದಕ್ಕೂ ಒಂದೊಂದು ಹೊಸ ಮುಖ. ಒಂದನ್ನು ನೆನಪಿಟ್ಟುಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಹಲ್ಲು ಕಿಸಿಯುತ್ತಿತ್ತು. ತಲೆ ಕೆಟ್ಟು ಭಾವನನ್ನೇ ಕೇಳಿದಳು, "ಭಾವ, ಇದರ ಗುರುತು ಏನು ಹೇಳಿ."

ಭಾವ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಅದಕ್ಕೆ ಗುರುತು ಅಂತ ಏನೂ ಇಲ್ಲ. ಎಲ್ಲದಕ್ಕೂ ಆಗುತ್ತೆ, ಅದೇ ಗುರುತು" ಅಂದರು. ಇಷ್ಟು ವರ್ಷ ಅದರ ಜೊತೆ ಇದ್ದವರು ಹೇಳುವ ಮಾತು ಇದು! ಚಿಕ್ಕಮ್ಮನಿಗೆ ಎಣ್ಣೆಯ ಬಟ್ಟಲು ಕಿತ್ತುಕೊಳ್ಳುವಷ್ಟು ಸಿಟ್ಟು ಬಂತು, ಕಿತ್ತುಕೊಳ್ಳಲಿಲ್ಲ.

ದಿನಗಳು ಹೀಗೆ ಹೋದವು. ವಸಂತದಲ್ಲಿ ನೆಲಮಾಳಿಗೆಯ ಬಿಳಿ ವೈನುಗಳೆಲ್ಲ ಬಾಟಲಿ ಸೇರಿದವು, ತುಂಬಿಸಬೇಕಾದ ಪೀಪಾಯಿಗಳೇ ಉಳಿಯಲಿಲ್ಲ, ಸೋಮವಾರದ ಕ್ಯಾನು ಗೋಡೆಯ ಮೊಳೆ ಸೇರಿತು. ಚಿಕ್ಕಮ್ಮ ಹಗಲು ಬಾಟಲಿ ತುಂಬುವ ಸಾಲಿನಲ್ಲಿ, ಸಂಜೆ ಕಿಟಕಿಯ ಸೀಸೆಗಳ ಮುಂದೆ. ನೆಲಮಾಳಿಗೆಗೆ ಇಳಿಯುವ ಕೆಲಸವೇ ಯಾರಿಗೂ ಬೀಳಲಿಲ್ಲ.

ತೋಟದಲ್ಲಿ ಕಾಯಿ ಬಣ್ಣ ತಿರುಗುತ್ತಿದ್ದ ಹಾಗೆ ಯಜಮಾನಿ ದಿನ ಗೊತ್ತು ಮಾಡಿದರು. ಶುಕ್ರವಾರ. ಅದೇ ವಾರದ ಸೋಮವಾರ ಬೆಳಿಗ್ಗೆ, ಹೊಸ ರಸಕ್ಕೆ ಪೀಪಾಯಿ ತೊಳೆದಿಡೋಣ ಎಂದು ಚಿಕ್ಕಮ್ಮ ಕೆಳಗಿಳಿದಳು. ತಂಪು, ಒದ್ದೆ ಕಲ್ಲಿನ ವಾಸನೆ, ನಡುವೆ ಹರಿಯುವ ಕಿರು ಮೋರಿ. ಒಂದೊಂದೇ ಪೀಪಾಯಿ ತೊಳೆದು ಬೋರಲು ಹಾಕುತ್ತ ಮೂಲೆಗೆ ಬಂದಳು. ರೂಢಿಯಂತೆ ಬೆರಳ ಗೆಣ್ಣಿನಿಂದ ತಟ್ಟಿದಳು. ಮೇಲೆ ಟೊಳ್ಳು ಸದ್ದು, ನಡುವಿನಿಂದ ಕೆಳಗೆ ತುಂಬಿದ ಸದ್ದು.

ಎಲ್ಲ ಪೀಪಾಯಿಗಳಿಗೂ ಇದರಿಂದ ತೆಗೆದು ತೆಗೆದು ತುಂಬಿಸಿದ್ದಳು, ಇದು ಅರ್ಧಕ್ಕೆ ಇಳಿದಿತ್ತು, ಹಾಗೇ ಬಿಟ್ಟಿದ್ದರು. ಬಿರಡೆ ಕಿತ್ತು ಟಾರ್ಚು ಬಿಟ್ಟು ನೋಡಿದಳು. ವೈನಿನ ಮೇಲೆ ಉದ್ದಗಲಕ್ಕೂ ಬಿಳಿ ಪೊರೆ, ಕಾಯಿಸಿ ಆರಿಸಿದ ಹಾಲಿನ ಕೆನೆಯ ಹಾಗೆ ಸುಕ್ಕು ಸುಕ್ಕಾಗಿ ಕಟ್ಟಿತ್ತು.

ನೆಲಮಾಳಿಗೆಯವರಿಗೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ವೈನಿಗೆ ಪೊರೆ ಬಂತು ಅಂದರೆ ನೋಡಿಕೊಳ್ಳುವವರು ನಿದ್ದೆ ಹೊಡೆಯುತ್ತಿದ್ದರು ಅಂತ ಅರ್ಥ. ಅದೂ ಉಸ್ತುವಾರಿ ಕೊಡಿ ಎಂದು ಕೇಳಿಕೊಂಡು ಹೋದವಳ ಕೈಯಲ್ಲಿ, ಪರೀಕ್ಷೆಯ ವಾರದಲ್ಲಿ! ಚಿಕ್ಕಮ್ಮ ಬೋರಲು ಹಾಕಿದ ಪೀಪಾಯಿಯ ಮೇಲೆ ಕುಸಿದು ಕೂತಳು. 'ಹೋಯ್ತು, ಎಲ್ಲಾ ಹೋಯ್ತು' ಅನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಎಷ್ಟು ಕೆಟ್ಟಿದೆ ಎಂದು ನೋಡಲಾದರೂ ನೋಡಬೇಕಲ್ಲ. ಗಾಜಿನ ಕೊಳವೆಯನ್ನು ಪೊರೆಯೊಳಗಿಂದ ಇಳಿಸಿ ಲೋಟಕ್ಕೆ ಒಂದಿಷ್ಟು ತೆಗೆದಳು. ವಿನೆಗರಿನ ಘಾಟು ಬರುತ್ತದೆ ಎಂದು ಮೂಗು ದೂರವೇ ಇಟ್ಟಿದ್ದಳು, ಬರಲಿಲ್ಲ. ಹತ್ತಿರ ತಂದಳು. ಹುರಿದ ಬಾದಾಮಿ. ಬ್ರೆಡ್ಡಿನ ಕಂದು ಅಂಚು. ಕತ್ತರಿಸಿಟ್ಟು ಮರೆತ ಸೇಬು. ಇಂಥ ವಾಸನೆಯ ವೈನು ಅವಳು ಕಂಡಿರಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿದಳು, ಏನೋ ಉಪ್ಪುಪ್ಪು, ಒಣ ಒಣ. ಇದು ಯಾವ ಹಣ್ಣಿನದು ಅಂತ ಯಾರಾದರೂ ಕೇಳಿದ್ದರೆ ಹಣ್ಣಿನದ್ದೇ ಅಲ್ಲ ಅನ್ನುತ್ತಿದ್ದಳು.

ಉಗಿದಳು. ಉಗಿದ ಮೇಲೆ, ಕಿವಿಯ ಕೆಳಗೆ, ದವಡೆಯ ಕೀಲಿನಲ್ಲಿ, ಯಾರೋ ಚಿವುಟಿದರು.

"ಅಯ್ಯೋ ನಿನ್ನ! ನೀನಾ?" ಅಂದಳು ಗಟ್ಟಿಯಾಗಿಯೇ.

ಮೊದಲ ಕೊಯ್ಲಿನ ಆ ಹುಳಿ ಕಾಯಿ. ಮೂಗಿಗೆ ಏನೇನು ವೇಷ ತೋರಿಸಿದರೂ, ನಾಲಿಗೆಯ ಮೇಲೆ ಜೇನೋ ಬೆಣ್ಣೆಯೋ ಹಚ್ಚಿ ಹೋದರೂ, ಕೊನೆಗೆ ಎಲ್ಲ ಇಳಿದ ಮೇಲೆ ಅದು ಅಲ್ಲಿ ಬಂದು ನಿಲ್ಲುತ್ತಿತ್ತು. ಅವಳು ಇಷ್ಟು ದಿನ ಮೂಗಿನಲ್ಲಿ ಹುಡುಕಿದ್ದಳು, ಮೊದಲ ಗುಟುಕಿನಲ್ಲಿ ಹುಡುಕಿದ್ದಳು. ಉಗುಳಿದ ಮೇಲೆ ಕಾದು ನೋಡಿಯೇ ಇರಲಿಲ್ಲ. ಮನೆಗೆ ಓಡಿ ಕಿಟಕಿಯ ಸೀಸೆಗಳನ್ನೆಲ್ಲ ಒಂದಾದ ಮೇಲೊಂದು ಬಾಯಿಗೆ ಹಾಕಿ ಉಗಿದು ಕಾದಳು. ಗುಳ್ಳೆಯದರಲ್ಲಿ ಕೂಡಲೇ ಬಂತು. ಮರದ್ದರಲ್ಲಿ ಬೆಣ್ಣೆಯ ಹಿಂದೆ ಬಂತು. ಸಿಹಿಯದರಲ್ಲಿ ತುಂಬ ತಡವಾಗಿ, ಇನ್ನೇನು ಬರುವುದಿಲ್ಲ ಅನ್ನುವಾಗ ಬಂತು. ಮಸ್ಕಟ್‌ನಲ್ಲಿ, ಸೊವಿನ್ಯೋನ್‌ನಲ್ಲಿ ಆ ಜಾಗದಲ್ಲಿ ಆ ಚಿವುಟು ಇರಲಿಲ್ಲ. ಖುಷಿಗೆ ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದಳು, ಮರುಕ್ಷಣವೇ ಆ ಪೊರೆ ನೆನಪಾಗಿ ಮುಖ ಸಪ್ಪಗಾಯಿತು.

ಸಂಜೆ ಭಾವನಿಗೆ ಎಲ್ಲ ಹೇಳಿದಳು. ಭಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಅಷ್ಟೂ ಗೊತ್ತಾಗಲಿಲ್ವಾ ನಿನಗೆ? ಬಾಟಲಿಗೆ ಹಾಕೋದು ಮುಗಿದ ಮೇಲೆ ಮೂಲೇದರಲ್ಲಿ ಉಳಿದದ್ದನ್ನ ಸಣ್ಣ ಜಾಡಿಗಳಿಗೆ ಇಳಿಸಬೇಕು. ಪ್ರತಿ ವರ್ಷ ನಾನು ಇಳಿಸ್ತಿದ್ದೆ."

"ನೀವು ಇಳಿಸ್ತಿದ್ರಿ. ನಾನು ಆಗ ಬಾಟಲಿ ಸಾಲಿನಲ್ಲಿ ಇರ್ತಿದ್ದೆ. ನನಗೆ ಹೇಳಿದ್ರಾ?"

"ಹೇಳೋದೇನು ಅದರಲ್ಲಿ? ಎಲ್ಲವನ್ನೂ ತುಂಬಿಸ್ತಿದ್ದವಳಿಗೆ ಅದೊಂದು ಕಾಣಲಿಲ್ವಾ?"

"ಎಲ್ಲದಕ್ಕೂ ಇದರಿಂದಲೇ ತೆಗಿ ಅಂದ್ರಿ ಭಾವ. ಇದು ಬರಿದಾದರೆ ಏನು ಮಾಡಬೇಕು ಅಂತ ಯಾವತ್ತಾದ್ರೂ ಒಂದು ಮಾತು ಅಂದಿದ್ರಾ?"

ಭಾವ ಮತ್ತೆ ಕುರ್ಚಿಗೆ ಒರಗಿದರು. ದನಿ ತಗ್ಗಿಸಿ ಹೇಳಿದರು: "ನೋಡು, ಇದನ್ನ ದೊಡ್ಡದು ಮಾಡ್ಬೇಡ. ಆ ಪೀಪಾಯಿ ಯಾರ ಲೆಕ್ಕದಲ್ಲೂ ಇಲ್ಲ. ನಾಳೆ ಹೋಗಿ ಮೋರಿಗೆ ಸುರಿದು ತೊಳೆದಿಡು. ಅಮ್ಮಾವ್ರು ಕೇಳೋದೂ ಇಲ್ಲ. ಗುರುತು ಸಿಕ್ಕಿದೆಯಲ್ಲ, ಶುಕ್ರವಾರ ಹೇಳು, ಬೀಗದ ಕೈ ತಗೋ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಮಾತು ತಪ್ಪಲ್ಲ. ಚಿಕ್ಕಮ್ಮನೂ ಮಧ್ಯಾಹ್ನವೆಲ್ಲ ಅದನ್ನೇ ಯೋಚಿಸಿದ್ದಳು, ಮೋರಿ ಕಾಲ ಬುಡದಲ್ಲೇ ಇತ್ತು. ಆದರೆ ಭಾವನ ಬಾಯಿಂದ ಅದು ಬಂದಾಗ ಒಳಗೆ ಎಲ್ಲಿತ್ತೋ ಏನೋ, ಉಕ್ಕಿ ಬಂತು.

"ವರ್ಷವಿಡೀ ಎಲ್ಲರದನ್ನೂ ತುಂಬಿಸಿದ್ದು ಅದು. ಅದನ್ನ ಒಂದು ಸಲ ಯಾರೂ ಬಿರಡೆ ತೆಗೆದು ನೋಡಲಿಲ್ಲ. ಈಗ ಮೋರಿಗೆ ಸುರಿ ಅಂತೀರಲ್ಲ, ಸುರಿಯೋದಕ್ಕೂ ನಾನೇ ಬೇಕಾ ಭಾವ?" ಅಂದಳು. ಒಳಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಮಗಳು ಮಡಿಸುವುದನ್ನು ನಿಲ್ಲಿಸಿದಳು. ಭಾವ ಅವಳ ಮುಖ ನೋಡಿದರು, ಆಮೇಲೆ ತಮ್ಮ ಮಂಡಿ ನೋಡಿಕೊಂಡರು.

ಶುಕ್ರವಾರ ಬಂತು. ರುಚಿ ನೋಡುವ ಕೋಣೆಯಲ್ಲಿ ಉದ್ದನೆಯ ಬಿಳಿ ಮೇಜು, ಮೂಲೆಯಲ್ಲಿ ಉಗುಳಲು ತೊಟ್ಟಿ, ಉತ್ತರದ ಕಿಟಕಿಯಿಂದ ಬೆಳಕು. ಯಜಮಾನಿ ನಾಲ್ಕು ಲೋಟ ಇಟ್ಟಿದ್ದರು. ಭಾವ ಕೋಲೂರಿಕೊಂಡು ಬಂದು ಬಾಗಿಲ ಪಕ್ಕ ಕೂತಿದ್ದರು, ಬೀಗದ ಕೈ ಒಪ್ಪಿಸಿ ಹೋಗುವುದಿತ್ತು. ಚಿಕ್ಕಮ್ಮ ಒಳಗೆ ಬರುವಾಗ ಅವಳ ಕೈಯಲ್ಲೂ ಒಂದು ಲೋಟವಿತ್ತು, ಮೇಲೊಂದು ತಟ್ಟೆ ಮುಚ್ಚಿತ್ತು. ಭಾವನಿಗೆ ಅದು ಏನೆಂದು ಕೂಡಲೇ ತಿಳಿಯಿತು. ಬೇಡ ಅನ್ನುವಂತೆ ತಲೆ ಅಲ್ಲಾಡಿಸಿದರು. ಅವಳು ಆ ಕಡೆ ನೋಡಲಿಲ್ಲ.

ಮೊದಲ ಲೋಟ ಮೂಸಿದಳು, ಬಾಯಿಗೆ ಹಾಕಿ ಉಗಿದು, ಸುಮ್ಮನೆ ನಿಂತಳು. ಯಜಮಾನಿ ಕಾದು ಕಾದು, "ಏನಮ್ಮ, ನಿದ್ದೆ ಬಂತಾ?" ಅಂದರು.

"ಇರಿ ಅಮ್ಮಾವ್ರೇ, ಅದು ಬರೋಕೆ ಹೊತ್ತಾಗುತ್ತೆ." ಸ್ವಲ್ಪ ತಡೆದು, "ಇದು ಶೆನಿನ್. ಸುಕ್ಕು ಹಣ್ಣಿನದು."

ಎರಡನೆಯದು ಸೊವಿನ್ಯೋನ್. ಮೂರನೆಯದನ್ನು ಯಜಮಾನಿ ಬೇಕೆಂದೇ ಮಸ್ಕಟ್ ಬೆರೆಸಿ ತಂದಿದ್ದರು. ಹೂವಿನ ವಾಸನೆ ಗಮ್ಮೆಂದು ಹೊಡೆಯುತ್ತಿತ್ತು. ಚಿಕ್ಕಮ್ಮ ಉಗಿದು ಕಾದು, "ಮೇಲೆ ಮಸ್ಕಟ್, ಕೆಳಗೆ ಇದೆ ಶೆನಿನ್" ಅಂದಳು. ನಾಲ್ಕನೆಯದೂ ಶೆನಿನ್ನೇ, ಮರದ್ದು. ಯಜಮಾನಿ ಕನ್ನಡಕ ತೆಗೆದು ಒರೆಸಿದರು, ಮುಖದಲ್ಲಿ ನಗು ಇಣುಕಿತ್ತು. ಬೀಗದ ಕೈಗೆ ಎಂದು ಭಾವನ ಕಡೆ ಕೈ ಚಾಚಿದರು.

"ಇನ್ನೊಂದಿದೆ" ಅಂದಳು ಚಿಕ್ಕಮ್ಮ. ತಟ್ಟೆ ತೆಗೆದು ಐದನೆಯ ಲೋಟವನ್ನು ಮೇಜಿನ ಮೇಲೆ ಸರಿಸಿದಳು.

"ಇದನ್ನ ನಾನು ಇಟ್ಟಿಲ್ಲವಲ್ಲ?"

"ನಾನು ತಂದೆ. ಮೂಲೆಯ ಪೀಪಾಯೀದು. ಅರ್ಧಕ್ಕೆ ಇಳಿದಿದ್ದನ್ನ ನೋಡ್ಲಿಲ್ಲ, ಪೊರೆ ಕಟ್ಟಿದೆ."

ಯಜಮಾನಿಯ ನಗು ಮಾಯವಾಯಿತು. ಲೋಟ ಎತ್ತಿ ಮೂಸಿದರು. ಮತ್ತೆ ಮೂಸಿದರು. ಬಾಯಿಗೆ ಹಾಕಿಕೊಂಡರು, ಉಗುಳಲಿಲ್ಲ, ನುಂಗಿದರು. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೊರಗೆ ಯಾರೋ ಖಾಲಿ ಬುಟ್ಟಿಗಳನ್ನು ಎತ್ತಿ ಹಾಕುವ ಸದ್ದು ಕೇಳುತ್ತಿತ್ತು.

"ಇದನ್ನ ಸುರಿದುಬಿಟ್ಟಿದ್ರೆ ನನಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಮತ್ತೆ ಯಾಕೆ ತಂದೆ?"

"ಯಾವ ವೇಷದಲ್ಲಿ ಬಂದರೂ ಗುರುತು ಹಿಡೀಬೇಕು ಅಂದಿದ್ರಿ. ನನಗೆ ಗುರುತು ಸಿಕ್ಕಿದ್ದೇ ಇದರಲ್ಲಿ. ಇದನ್ನ ಸುರಿದು, ಉಳಿದದ್ದನ್ನ ಹೇಳಿ ಕೆಲಸ ತಗೊಂಡ್ರೆ ನನಗೆ ಸರಿಹೋಗಲ್ಲ ಅಮ್ಮಾವ್ರೇ. ಕೊಡೋದಾದ್ರೆ ಇದನ್ನ ನೋಡಿ ಕೊಡಿ."

"ತಪ್ಪು ನಂದು" ಅಂದರು ಭಾವ ಇದ್ದಕ್ಕಿದ್ದ ಹಾಗೆ. ಕೋಲು ಹಿಡಿದು ಎದ್ದು ನಿಂತಿದ್ದರು. "ಅದನ್ನ ಏನು ಮಾಡಬೇಕು ಅಂತ ನಾನು ಅವಳಿಗೆ ಹೇಳಲೇ ಇಲ್ಲ. ಅದು ಅಲ್ಲಿ ಇರುತ್ತೆ, ತೆಗೀತಿರಬಹುದು ಅಷ್ಟೇ, ಅಂದ್ಕೊಂಡಿದ್ದೆ."

ಯಜಮಾನಿ ಇಬ್ಬರನ್ನೂ ನೋಡಿದರು. ಏನು ಅರ್ಥವಾಯಿತೋ, ಎಷ್ಟು ಅರ್ಥವಾಯಿತೋ. "ನಡೀರಿ ಕೆಳಗೆ" ಅಂದರು. ಭಾವನಿಗೆ ಇಳಿಯಲಾಗದು, ಇಬ್ಬರು ಹೆಂಗಸರೇ ಇಳಿದರು. ಯಜಮಾನಿ ಬಿರಡೆ ತೆಗೆಸಿ ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದರು. "ನಾನು ಚಿಕ್ಕವಳಿದ್ದಾಗ ಬೇರೆ ಕಡೆ ವೈನ್ ಮಾಡೋರ ಒಂದು ಮನೇಲಿ ಹೀಗೆ ಪೊರೆ ಕಟ್ಟಿಸೋದನ್ನ ನೋಡಿದ್ದೆ. ಅವರು ಬೇಕು ಅಂತ ಮಾಡ್ತಿದ್ರು. ಎಲ್ಲ ಸಲ ಒಳ್ಳೇದಾಗಲ್ಲ, ಅರ್ಧದಷ್ಟು ಸಲ ಕೆಟ್ಟೇ ಹೋಗುತ್ತೆ." ಬಿರಡೆ ಮುಚ್ಚಿದರು. "ಮುಟ್ಟಬೇಡ ಇದನ್ನ. ತುಂಬಿಸಬೇಡ, ಇದರಿಂದ ಒಂದು ಹನಿ ಯಾರೂ ತೆಗೀಬಾರದು. ಬೇರೆದಕ್ಕೆಲ್ಲ ತುಂಬಿಸೋಕೆ ಬೇರೆ ಪೀಪಾಯಿ ಇಟ್ಕೋ. ಇದು ಇದ್ದ ಹಾಗೇ ಇರಲಿ, ಏನಾಗುತ್ತೋ ನೋಡೋಣ. ಕೆಟ್ಟರೆ ನಿನ್ನ ಕೈಯಲ್ಲೇ ಸುರಿಸ್ತೀನಿ, ನೆನಪಿರಲಿ."

"ಆಗಲಿ."

"ಮೇಲೆ ಹೋಗಿ ನಿಮ್ಮ ಭಾವನ ಹತ್ರ ಬೀಗದ ಕೈ ಇಸ್ಕೋ. ಇನ್ನೊಂದು ಪೀಪಾಯಿಗೆ ಹೀಗಾದ್ರೆ ಅದನ್ನ ವಾಪಸ್ ಇಸ್ಕೊಳ್ಳೋಳು ನಾನು."

ಯಜಮಾನಿ ಮೆಟ್ಟಿಲು ಹತ್ತಿ ಹೋದ ಮೇಲೆ ಚಿಕ್ಕಮ್ಮ ಒಬ್ಬಳೇ ಉಳಿದಳು. ಸೀಮೆಸುಣ್ಣ ತೆಗೆದುಕೊಂಡು ಮೂಲೆಯ ಪೀಪಾಯಿಯ ಮುಖದ ಮೇಲೆ 'ಶೆನಿನ್' ಅಂತ ಬರೆದಳು. ಕೆಳಗೆ 'ತೆಗೆಯಬಾರದು' ಅಂತ ಬರೆದಳು. ಹೊಲಿಗೆಯಂಗಡಿ ಬಿಟ್ಟ ಮೇಲೆ ಮೊದಲ ಸಲ ಅವಳಿಗೆ ಆ ಕಿಟಕಿ ಪಕ್ಕದ ಮೆಷಿನ್ನು ನೆನಪಾಯಿತು. ಗೆಳತಿ ಅದನ್ನು ಯಾವಾಗಲೋ ಮಾರಿರಬೇಕು. ಕಣ್ಣಲ್ಲಿ ನೀರು ಬಂತು. ಯಾರೂ ಇರಲಿಲ್ಲವಾದ್ದರಿಂದ ಒರೆಸಿಕೊಳ್ಳುವ ಅವಸರ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಮೂವರೂ ಎದ್ದಿದ್ದರು. ಮಗಳು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಳು. ಚಿಕ್ಕಮ್ಮ ಊಟದ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಆ ಹೊತ್ತಿನಲ್ಲಿ ಅವಳು ಕೂತದ್ದನ್ನು ಆ ಮನೆಯ ಗೋಡೆಗಳೂ ಕಂಡಿರಲಿಲ್ಲ. ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ಭಾವ, ಇವತ್ತು ಕಾಫಿ ನೀವು ಮಾಡಿ" ಅಂದಳು.

ಬಾಚಣಿಗೆ ಕೂದಲಲ್ಲೇ ನಿಂತಿತು. ಭಾವ ಅವಳನ್ನು ನೋಡಿದರು, ಮೇಜಿನ ಮೇಲಿದ್ದುದನ್ನು ನೋಡಿದರು. ಕೋಲೂರಿಕೊಂಡು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಂತು. ಪಾತ್ರೆಯೊಂದು ಬಿತ್ತು. ಒಂದು ಕಪಾಟು ತೆಗೆದರು, ಮುಚ್ಚಿದರು, ಇನ್ನೊಂದು ತೆಗೆದರು. ಆಮೇಲೆ ಒಂದೊಂದಾಗಿ ಡಬ್ಬಿಗಳ ಮುಚ್ಚಳ ಬಿಚ್ಚುವ ಸದ್ದು. ಚಿಕ್ಕಮ್ಮನ ಕಾಲು ತಾನಾಗಿಯೇ ಏಳಲು ಹೊರಟಿತು. ಅವಳು ಎರಡು ಕೈಯಲ್ಲೂ ಕುರ್ಚಿಯನ್ನು ಹಿಡಿದುಕೊಂಡಳು.

ಬಹಳ ಹೊತ್ತಾದ ಮೇಲೆ ಭಾವ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಖಾಲಿ ಚಮಚ, ಮುಖದಲ್ಲಿ ಅವಳು ಎಂದೂ ಕಾಣದ ನಾಚಿಕೆ.

"ಸಕ್ಕರೆ ಎಲ್ಲಿಡ್ತೀಯ?" ಅಂದರು.

"ಹುಡುಕಿ ಭಾವ" ಅಂದಳು ಚಿಕ್ಕಮ್ಮ. "ನಾನು ಬಂದಾಗ ನನಗೂ ಯಾರೂ ಹೇಳಿರಲಿಲ್ಲ."